ಇನ್ನು ನೀರು ಬೇಡ ಅಂದವರಿಗೆ

ಹೋದ ಭಾನುವಾರ 50 ಕಿಲೋಮೀಟರ್ ಓಟ ಮುಗಿಸಿದೆ. 10 ಗಂಟೆ 51 ನಿಮಿಷ. ಹೇಳಿಕೊಳ್ಳುವಂಥ ಸಮಯ ಏನಲ್ಲ, ನಾನು ಗೆರೆ ದಾಟುವ ಹೊತ್ತಿಗೆ ಮುಂದಿದ್ದವರು ಊಟ ಮುಗಿಸಿ ಬೆಂಗಳೂರು ದಾರಿ ಹಿಡಿದು ದಾಬಸ್‌ಪೇಟೆ ದಾಟಿದ್ದರು. ಆದರೂ ಇದನ್ನು ಬರೆಯಲೇಬೇಕು. ಎರಡು ವರ್ಷದ ಹಿಂದೆ ಇದೇ ದಾರಿಯಲ್ಲಿ, ಇದೇ ದೇವರಾಯನದುರ್ಗದ ಬುಡದಲ್ಲಿ, 43ನೇ ಕಿಲೋಮೀಟರಿನಲ್ಲಿ ನನ್ನನ್ನು ಕೂರಿಸಿ, ಕೈಯಲ್ಲಿದ್ದ ಬಾಟಲಿ ಕಿತ್ತುಕೊಂಡು, "ಇನ್ನು ಒಂದು ತೊಟ್ಟೂ ನೀರು ಬೇಡ" ಅಂದ ಒಬ್ಬ ಅಕ್ಕ ಇದ್ದಾರೆ. ಅವರಿಗೆ ನೆಟ್ಟಗೆ ಒಂದು ಥ್ಯಾಂಕ್ಸ್ ಹೇಳಿಲ್ಲ. ಅವತ್ತು ನನ್ನ ಬಾಯಿಂದ ಬಂದದ್ದು ಬೈಗುಳ.

ಈ ಓಟಗಳ ಬಗ್ಗೆ ಗೊತ್ತಿಲ್ಲದವರಿಗೆ ಎರಡು ಮಾತು. ಮ್ಯಾರಥಾನ್ ಅಂದರೆ 42.195 ಕಿಲೋಮೀಟರ್. ಅದಕ್ಕಿಂತ ಉದ್ದ ಇದ್ದರೆ ಅಲ್ಟ್ರಾ ಅಂತಾರೆ. ಟ್ರೇಲ್ ಅಂದರೆ ಡಾಂಬರಿಲ್ಲದ ದಾರಿ: ದನದ ಜಾಡು, ಕೊಯ್ಲಾದ ರಾಗಿ ಹೊಲದ ಬದು, ಬಂಡೆ, ಮುಳ್ಳು, ಒಣಗಿದ ಹಳ್ಳ. ನಮ್ಮದು 25 ಕಿಲೋಮೀಟರಿನ ಸುತ್ತು, ಎರಡು ಸಲ. ಬೆಳಗ್ಗೆ 5ಕ್ಕೆ ಶುರು, ಸಂಜೆ 5ಕ್ಕೆ ಬಂದ್. ನಡುವೆ ಅಲ್ಲಲ್ಲಿ ಒಂದು ಶಾಮಿಯಾನ, ಒಂದು ಮೇಜು, ನೀರಿನ ಕ್ಯಾನು, ಬಾಳೆಹಣ್ಣು, ಒಂದಿಷ್ಟು ಜನ. ಏಡ್ ಸ್ಟೇಷನ್ ಅಂತ ಹೆಸರು. ನಾವು ಸುಮ್ನೆ ನೀರಿನ ಟೇಬಲ್ ಅಂತೀವಿ.

ಮೊದಲ ಸಲ ಓಡಿದಾಗ ನಾನು ತುಂಬಾ ಶಿಸ್ತಿನ ಮನುಷ್ಯ. ವಾಚಿನಲ್ಲಿ 15 ನಿಮಿಷಕ್ಕೊಂದು ಅಲಾರಂ. ಅಲಾರಂ ಹೊಡೆದ ತಕ್ಷಣ ಕುಡಿಯುವುದು, ಬಾಯಾರಿಕೆ ಇರಲಿ ಬಿಡಲಿ. ಬಾಯಾರುವ ಮುಂಚೆಯೇ ಕುಡಿಯಬೇಕು ಅಂತ ಯಾರೋ ಹೇಳಿದ್ದು ತಲೆಯಲ್ಲಿ ಕೂತುಬಿಟ್ಟಿತ್ತು. ಪ್ರತಿ ಟೇಬಲ್ಲಿನಲ್ಲೂ ಬೆನ್ನಿನ ಚೀಲ ತುಂಬಿಸಿಕೊಂಡೆ. ಅದರ ಮೇಲೆ ದಾರಿಯ ತೋಟದಲ್ಲಿ ನಾಲ್ಕು ಎಳನೀರು. ನಾವು ತುಮಕೂರಿನವರಲ್ವಾ, ಜ್ವರ ಬಂದರೂ ಎಳನೀರು, ಬಿಸಿಲಾದರೂ ಎಳನೀರು, ಅದಕ್ಕಿಂತ ದೊಡ್ಡ ಮದ್ದು ಇದೆ ಅಂತ ನಂಬುವವರೇ ಅಲ್ಲ. 30ನೇ ಕಿಲೋಮೀಟರಿಗೆ ಮಂಡಿ ನೋವು ಅಂತ ಜೇಬಿನಲ್ಲಿದ್ದ ನೋವಿನ ಮಾತ್ರೆ ನುಂಗಿದೆ. ಒಂದು ಗಂಟೆ ಬಿಟ್ಟು ಇನ್ನೊಂದು.

ಆಮೇಲೆ ವಾಂತಿ. ತಲೆನೋವು. ನನಗೆ ನೀರು ಸಾಲುತ್ತಿಲ್ಲ ಅಂತ ಅಂದುಕೊಂಡು ಇನ್ನೂ ಕುಡಿದೆ.

ಮೂರನೇ ಟೇಬಲ್ಲಿಗೆ ಬಂದಾಗ ಹೊತ್ತು ಮಧ್ಯಾಹ್ನ 2 ದಾಟಿತ್ತು. ಅಲ್ಲಿ ಕೂತಿದ್ದ ಅಕ್ಕ ನಿವೃತ್ತ ನರ್ಸ್ ಅಂತ ಆಮೇಲೆ ಗೊತ್ತಾಯಿತು. ಅವರು ನನ್ನ ಮುಖ ನೋಡಲಿಲ್ಲ, ಕೈ ನೋಡಿದರು. "ಉಂಗುರ ತಿರುಗಿಸಪ್ಪ" ಅಂದರು. ತಿರುಗಲಿಲ್ಲ. ಬೆರಳು ಊದಿ ಉಂಗುರ ಒಳಗೆ ಹೂತುಹೋಗಿತ್ತು. ವಾಚಿನ ಪಟ್ಟಿ ಚರ್ಮಕ್ಕೆ ಕಚ್ಚಿತ್ತು. "ಎಷ್ಟು ಸಲ ಮೂತ್ರಕ್ಕೆ ಹೋದೆ?" ಹೋಗಿದ್ದು ನೆನಪಿಲ್ಲ. "ಇವತ್ತು ಯಾವ ವಾರ?" ನಾನು ಬುಧವಾರ ಅಂದೆನಂತೆ. ಅವರು ಎದೆ ಮೇಲಿನ ನಂಬರ್ ಚೀಟಿ ಬಿಚ್ಚಿ ತೆಗೆದಾಗ ನಾನು ಏನೇನು ಅಂದೆ ಅಂತ ಪಕ್ಕದಲ್ಲಿದ್ದ ಹುಡುಗರು ಇವತ್ತಿಗೂ ಹೇಳಿ ನಗುತ್ತಾರೆ. ಇಲ್ಲಿ ಬರೆಯುವಂತಿಲ್ಲ, ಅಮ್ಮ ಓದುತ್ತಾರೆ.

ಆಂಬುಲೆನ್ಸ್ ಬಂತು. ಜೊತೆಗಿದ್ದ ಹುಡುಗ, ಓಟದವನು ಸುಸ್ತಾಗಿದ್ದಾನೆ ಅಂತ ಡ್ರಿಪ್ ಹಾಕಲು ಹೊರಟ. ಅವನದ್ದು ತಪ್ಪಲ್ಲ, ಎಲ್ಲರೂ ಹಾಗೇ ಅಂದುಕೊಳ್ಳುತ್ತಾರೆ. ಅಕ್ಕ ತಡೆದರು. ಮೊದಲು ರಕ್ತದಲ್ಲಿ ಸೋಡಿಯಂ ಎಷ್ಟಿದೆ ನೋಡಿ, ಆಮೇಲೆ ಏನು ಬೇಕಾದರೂ ಹಾಕಿ ಅಂತ ಹಟ ಹಿಡಿದು, ತಾವೂ ಗಾಡಿ ಹತ್ತಿ ಬಂದರು. ಆಸ್ಪತ್ರೆಯಲ್ಲಿ ನೋಡಿದರೆ 121. ಇರಬೇಕಾದದ್ದು 135ರಿಂದ 145.

ಡಾಕ್ಟರು ಬಿಡಿಸಿ ಹೇಳಿದ್ದು ಹೀಗೆ. ಗಂಟೆಗಟ್ಟಲೆ ಓಡುವಾಗ ಮೈ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಅದಕ್ಕೊಂದು ಹಾರ್ಮೋನ್ ಇದೆ, ಅದು ಕಿಡ್ನಿಗೆ ನೀರು ಬಿಡಬೇಡ ಅನ್ನುತ್ತದೆ. ನಾವು ಮೇಲಿಂದ ಸುರಿಯುತ್ತಲೇ ಇದ್ದರೆ ರಕ್ತದ ಉಪ್ಪು ತೆಳ್ಳಗಾಗುತ್ತದೆ, ಸಾರಿಗೆ ಬಿಂದಿಗೆ ನೀರು ಹೊಯ್ದ ಹಾಗೆ. ಆಗ ನೀರು ಜೀವಕೋಶಗಳ ಒಳಗೆ ನುಗ್ಗುತ್ತದೆ. ಬೆರಳು ಊದಿದರೆ ಪರವಾಗಿಲ್ಲ, ಮಿದುಳು ಊದಿದರೆ ತಲೆಬುರುಡೆಯಲ್ಲಿ ಜಾಗ ಇಲ್ಲ. ನೋವಿನ ಮಾತ್ರೆ ಕಿಡ್ನಿಗೆ ಇನ್ನೊಂದು ಏಟು. ಎಳನೀರಿನಲ್ಲಿ ಪೊಟ್ಯಾಶಿಯಂ ಜಾಸ್ತಿ, ಸೋಡಿಯಂ ಕಮ್ಮಿ, ಹಾಗಾಗಿ ಅದೂ ನನ್ನ ಕೈ ಹಿಡಿಯಲಿಲ್ಲ. ತಿಪಟೂರಿನ ನೆಂಟರಿಗೆ ಇದನ್ನು ಹೇಳಿದಾಗ ಅವರು ಡಾಕ್ಟರನ್ನೇ ಬದಲಾಯಿಸು ಅಂದರು.

ಎರಡು ರಾತ್ರಿ ಐಸಿಯು. ಮೂರು ಪರ್ಸೆಂಟ್ ಉಪ್ಪಿನ ಡ್ರಿಪ್, ಅದೂ ಅಳತೆಯಲ್ಲಿ, ಪದೇ ಪದೇ ರಕ್ತ ನೋಡಿಕೊಂಡು. ಏರಿಸುವುದು ಅತಿಯಾಗಿ ಬೇಗ ಆದರೂ ಮಿದುಳಿಗೆ ಅಪಾಯವಂತೆ. ಆ ಎರಡು ರಾತ್ರಿ ಎಚ್ಚರ ಇದ್ದು ನೋಡಿಕೊಂಡ ಸಿಸ್ಟರುಗಳಿಗೆ, ಡಾಕ್ಟರಿಗೆ, ಕಾರಿಡಾರಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಮೇಲೆ ಕೂತಿದ್ದ ಭಾವನಿಗೆ ಇಲ್ಲಿಂದಲೇ ಕೈ ಮುಗಿಯುತ್ತೇನೆ.

ಮನೆಗೆ ಬಂದ ಮೇಲೆ ಮೈ ಬೇಗ ಸರಿ ಹೋಯಿತು. ಆರು ವಾರ ಓಡಬೇಡ ಅಂದಿದ್ದರು, ಓಡಲಿಲ್ಲ. ಕಿಡ್ನಿಯ ಲೆಕ್ಕವೂ ಸರಿಗೆ ಬಂತು. ಸರಿ ಹೋಗದೆ ಉಳಿದದ್ದು ಭಯ. ನೀರು ಕಂಡರೆ ಭಯ. ಒಂದು ಲೋಟ ಎತ್ತಿದರೆ ಇದು ಎಷ್ಟನೆಯದು ಅಂತ ಲೆಕ್ಕ. ಊಟದ ನಡುವೆ ಬಿಕ್ಕಳಿಕೆ ಬಂದರೂ ಹೆಂಡತಿಯ ಮುಖ ನೋಡುತ್ತಿದ್ದೆ, ಕುಡಿಯಲಾ ಅಂತ. ಅಮ್ಮ ಮಾತ್ರ, "ಬರಗಾಲದ ಜಿಲ್ಲೇಲಿ ಹುಟ್ಟಿ ನೀರು ಜಾಸ್ತಿಯಾಗಿ ಆಸ್ಪತ್ರೆ ಸೇರಿದವನು ನೀನೊಬ್ಬನೇ ಕಣೋ" ಅಂತ ಬಂದವರಿಗೆಲ್ಲ ಹೇಳಿಕೊಂಡು ನಕ್ಕರು. ಅಮ್ಮ, ಆ ನಗು ಇಲ್ಲದಿದ್ದರೆ ನಾನು ಕೋಣೆ ಬಿಟ್ಟು ಆಚೆ ಬರುತ್ತಿರಲಿಲ್ಲ. ಅಮಾನಿಕೆರೆ ಏರಿ ಮೇಲೆ ದಿನಾ ಸಂಜೆ ನನ್ನ ಜೊತೆ ನಡೆದು, ಓಟದ ಮಾತನ್ನೇ ಎತ್ತದೆ ಬರೀ ಅವರೆಕಾಯಿ ರೇಟು, ಮಗಳ ಮದುವೆ ಮಾತಾಡಿದ ಪಕ್ಕದ ಮನೆ ಅಂಕಲ್‌ಗೂ ಥ್ಯಾಂಕ್ಸ್.

ಆ ಭಯಕ್ಕೆ ಸ್ವಲ್ಪ ಮದ್ದಾದದ್ದು ಒಂದು ಅಂಕಿ. 2002ರ ಬಾಸ್ಟನ್ ಮ್ಯಾರಥಾನಿನಲ್ಲಿ ಗೆರೆ ದಾಟಿದ 488 ಜನರ ರಕ್ತ ನೋಡಿದ್ದರಂತೆ. ನೂರಕ್ಕೆ 13 ಜನರಲ್ಲಿ ಸೋಡಿಯಂ 135 ಅಥವಾ ಅದಕ್ಕಿಂತ ಕೆಳಗೆ. ಅಂಥವರಲ್ಲಿ ಜಾಸ್ತಿ ಇದ್ದದ್ದು ಓಡುತ್ತಾ ತೂಕ ಹೆಚ್ಚಿಸಿಕೊಂಡವರು, 4 ಗಂಟೆ ಮೀರಿ ಓಡಿದವರು. ಅಂದರೆ ನನ್ನಂಥ ನಿಧಾನದವರು, ಕುಡಿಯಲು ಬೇಕಾದಷ್ಟು ಹೊತ್ತು ಸಿಗುವವರು. ಅಷ್ಟು ದೊಡ್ಡ ಊರಿನಲ್ಲೂ ನನ್ನ ಹಾಗೇ ಪೆದ್ದರಿದ್ದಾರಲ್ಲ ಅಂತ ಸಮಾಧಾನ ಆಯಿತು.

ಅಷ್ಟರಲ್ಲಿ, ಹೋದ ವರ್ಷ, ಓಟ ನಡೆಸುವವರು ಫೋನ್ ಮಾಡಿದರು. ಈ ವರ್ಷ ಓಡಬೇಡಿ, ಮೂರನೇ ಟೇಬಲ್ಲಿಗೆ ಬಂದು ಕೂರಿ, ಅಕ್ಕನಿಗೆ ಕೈ ಜೋಡಿಸುವವರು ಬೇಕು ಅಂತ. ಅಮೆರಿಕದಲ್ಲಿ ವೆಸ್ಟರ್ನ್ ಸ್ಟೇಟ್ಸ್ ಅಂತ 100 ಮೈಲಿ ಓಟ ಇದೆ. 1974ರಲ್ಲಿ ಒಬ್ಬ ಆಸಾಮಿ ಕುದುರೆಗಳ ರೇಸಿಗೆ ಕುದುರೆಯೇ ಇಲ್ಲದೆ ಹೋಗಿ, ಅಷ್ಟೂ ದೂರ ಕಾಲಲ್ಲೇ ಓಡಿ 23 ಗಂಟೆ 42 ನಿಮಿಷದಲ್ಲಿ ಮುಗಿಸಿದ, ಆ ಓಟ ಹುಟ್ಟಿದ್ದು ಹಾಗೆ. ಅಲ್ಲಿ ಓಡಬೇಕಾದರೆ ಮೊದಲು 8 ಗಂಟೆ ಎಲ್ಲಾದರೂ ಸ್ವಯಂಸೇವೆ ಮಾಡಿರಬೇಕು ಅಂತ ನಿಯಮ. ನಮ್ಮಲ್ಲೂ ಇರಬೇಕಿತ್ತು ಅನ್ನಿಸುತ್ತದೆ. ನನಗೆ ಯಾವ ನಿಯಮವೂ ಇರಲಿಲ್ಲ, ಬರೀ ನಾಚಿಕೆ ಇತ್ತು. ಹೋದೆ.

ಹಿಂದಿನ ದಿನ ಶನಿವಾರ ಇಡೀ ದಾರಿಗೆ ರಿಬ್ಬನ್ ಕಟ್ಟುವುದೇ ಒಂದು ಓಟ. ಕವಲಿದ್ದ ಕಡೆಯೆಲ್ಲ ಮೂರು ಮೂರು. ಸಂಜೆ ತಿರುಗಿ ನೋಡಿದರೆ ಅರ್ಧ ಇಲ್ಲ, ಮೇಕೆ ತಿಂದಿತ್ತು, ಉಳಿದದ್ದು ಊರಿನ ಮಕ್ಕಳ ಸೈಕಲ್ಲಿನಲ್ಲಿ. ಭಾನುವಾರ ಮೂರು ಗಂಟೆಗೆ ಎದ್ದು 20 ಲೀಟರಿನ ಕ್ಯಾನುಗಳನ್ನು ಟ್ರ್ಯಾಕ್ಟರಿಗೆ ಹೇರಿದೆವು. ಬೇಯಿಸಿದ ಆಲೂಗಡ್ಡೆ ಕತ್ತರಿಸಿ ಉಪ್ಪು ಸವರುವುದು, ಬಾಳೆಹಣ್ಣು ಅರ್ಧ ಮಾಡುವುದು, ಚಿಕ್ಕಿ ಒಡೆಯುವುದು, ಮಜ್ಜಿಗೆ ಕಡೆಯುವುದು. ಬಾಳೆಹಣ್ಣಿನ ಪಕ್ಕ ಒಬ್ಬ ಕೋಲು ಹಿಡಿದು ನಿಲ್ಲಲೇಬೇಕು, ದುರ್ಗದ ಕೋತಿಗಳಿಗೆ ನಂಬರ್ ಚೀಟಿ ಬೇಕಿಲ್ಲ.

ಊರಿನ ಒಬ್ಬ ಅಜ್ಜಿ ಕೂಡ ಬಂದು ನಮ್ಮ ಜೊತೆ ನಿಂತರು. ಕಷ್ಟ ಶುರುವಾದದ್ದು ಅಲ್ಲೇ. ಬಂದವರಿಗೆಲ್ಲ "ಇನ್ನೊಂದು ಲೋಟ ಕುಡಿಯಪ್ಪ, ಹೇಗೆ ಒಣಗಿದೀಯ ನೋಡು" ಅಂತ ಬಲವಂತ. ಸಾಕು ಅಜ್ಜಿ, ಬಾಯಾರಿದರೆ ಅವರೇ ಕೇಳುತ್ತಾರೆ ಅಂದೆ. ಅಜ್ಜಿ ನನ್ನನ್ನು ನೋಡಿದ ನೋಟ ಮರೆಯುವುದಿಲ್ಲ. "ನೀರಿಗೂ ಇಷ್ಟು ಜಿಪುಣತನವೇನೋ ನಿಂಗೆ?" ತಪ್ಪೇನಿದೆ ಹೇಳಿ. ಬಂದವರ ಕೈಗೆ ಮೊದಲು ನೀರು, ಬೆಲ್ಲ ಕೊಡುವ ಮನೆಗಳಲ್ಲಿ ಬೆಳೆದವರು ನಾವು. ಇದೇ ಬೆಟ್ಟದ ಬುಡದಲ್ಲಿ ನಾಮದ ಚಿಲುಮೆ ಇದೆ, ಹಣೆಗೆ ನಾಮ ಇಟ್ಟುಕೊಳ್ಳಲು ನೀರು ಸಿಗದೆ ರಾಮ ಬಂಡೆಗೆ ಬಾಣ ಬಿಟ್ಟು ನೀರು ಬರಿಸಿದ ಅಂತ ಕತೆ. ಅಂಥ ಜಾಗದಲ್ಲಿ ನಿಂತು ನೀರು ಬೇಡ ಅನ್ನಬೇಕಾದರೆ ಎಷ್ಟು ಗಟ್ಟಿ ಮನಸ್ಸು ಬೇಕು ಅಂತ ನನಗೆ ಅವತ್ತು ಗೊತ್ತಾಯಿತು. ಅಕ್ಕ ಅದನ್ನು ನನಗೆ ಹೇಳಿದ್ದರು, ಅದೂ ನಾನು ಬೈಯುತ್ತಿರುವಾಗ. ಅಜ್ಜಿ, ನೀವು ಮಧ್ಯಾಹ್ನ ತಂದುಕೊಟ್ಟ ಮುದ್ದೆ, ಅವರೆಕಾಳಿನ ಸಾರು ಇನ್ನೂ ನಾಲಗೆ ಮೇಲಿದೆ. ನಾನು ಜಿಪುಣ ಅಲ್ಲ.

ಈಗ ಒಂದು ತಪ್ಪೊಪ್ಪಿಗೆ. ಎರಡನೇ ಸುತ್ತಿನಲ್ಲಿ ನಮ್ಮ ಟೇಬಲ್ ದಾಟಲು ಗಡುವು ಮಧ್ಯಾಹ್ನ 3 ಗಂಟೆ 15 ನಿಮಿಷ. ಅದರಾಚೆ ಬಂದವರನ್ನು ನಿಲ್ಲಿಸಬೇಕು. 3 ಗಂಟೆ 21ಕ್ಕೆ ಒಬ್ಬರು ಬಂದರು. ವಯಸ್ಸಾದವರು, ಕೈ ಹಿಡಿದುಕೊಂಡು "ಆರೇ ನಿಮಿಷ ಸಾರ್" ಅಂದರು. ಉಂಗುರ ನೋಡಿದೆ, ತಿರುಗುತ್ತಿತ್ತು. ಮಾತು ಸರಿ ಇತ್ತು. ಅಕ್ಕ ಆ ಹೊತ್ತಿಗೆ ಬೇರೊಬ್ಬರ ಕಾಲಿಗೆ ಪಟ್ಟಿ ಸುತ್ತುತ್ತಿದ್ದರು. ನಾನು ಹೋಗಿ ಅಂದುಬಿಟ್ಟೆ. ನನ್ನನ್ನು ನಿಲ್ಲಿಸಿದ ಜಾಗದಲ್ಲೇ ಇನ್ನೊಬ್ಬರನ್ನು ನಿಲ್ಲಿಸಲು ನನ್ನ ಕೈಲಿ ಆಗಲಿಲ್ಲ. ಎರಡು ಕಿಲೋಮೀಟರ್ ಆಚೆ ಅವರ ಕಾಲು ಉಳುಕಿತು. ಓಟದ ಕೊನೆಯವರ ಹಿಂದೆ ರಿಬ್ಬನ್ ಬಿಚ್ಚಿಕೊಂಡು ಬರುವ ಇಬ್ಬರು ಹುಡುಗರಿದ್ದಾರಲ್ಲ, ಸ್ವೀಪರ್ ಅಂತ, ಅವರು ಆ ಮನುಷ್ಯನನ್ನು ಹೆಗಲಿಗೆ ಆನಿಸಿಕೊಂಡು, ಕತ್ತಲಾದ ಮೇಲೆ ಮೊಬೈಲಿನ ಬೆಳಕಿನಲ್ಲಿ ನಡೆಸಿಕೊಂಡು ಬಂದದ್ದು ರಾತ್ರಿ 7ಕ್ಕೆ. ಕರಡಿ ಓಡಾಡುವ ಜಾಗ ಅದು. ಹುಡುಗರು ಉದ್ದಕ್ಕೂ ಜೋರಾಗಿ ಹಾಡು ಹೇಳಿಕೊಂಡು ಬಂದರಂತೆ. ನಾನು ಗೇಟಿನ ಹತ್ತಿರ ನಿಂತು ಉಗುರು ಕಚ್ಚುತ್ತಿದ್ದೆ. ಅಕ್ಕ ಬೈಯಲಿಲ್ಲ. "ಅವರ ಮುಖ ನೋಡಿದೆ ನೀನು, ಗಡಿಯಾರ ನೋಡಲಿಲ್ಲ" ಅಂದರು, ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು.

ಆ ಇಬ್ಬರು ಹುಡುಗರೇ, ಈ ಬರಹದಲ್ಲಿ ನಿಮ್ಮ ಪಾಲು ದೊಡ್ಡದು. ಅವತ್ತು ನನಗೆ ಒಂದು ಮಾತೂ ಅನ್ನದೆ, ನನ್ನ ಬೈಕಿನಲ್ಲೇ ಕ್ಯಾತ್ಸಂದ್ರಕ್ಕೆ ಬಂದು ತಟ್ಟೆ ಇಡ್ಲಿ ತಿಂದು, ದುಡ್ಡು ಕೊಡಲೂ ಬಿಡಲಿಲ್ಲ ನೀವು. ಆ ಸಾಲ ಇನ್ನೂ ಇದೆ.

ಈ ವರ್ಷ ಓಡಿದೆ. ಅಲಾರಂ ಇಲ್ಲ, ಮಾತ್ರೆ ಇಲ್ಲ. ಬಾಯಾರಿದಾಗ ಕುಡಿದೆ, ಇಲ್ಲದಿದ್ದಾಗ ಇಲ್ಲ. ಉಪ್ಪು ಹಾಕಿದ ಮಜ್ಜಿಗೆ ಕುಡಿದೆ, ಆದರೆ ಉಪ್ಪು ತಿಂದರೆ ಎಷ್ಟು ನೀರು ಬೇಕಾದರೂ ಕುಡಿಯಬಹುದು ಅಂತ ಯಾರಾದರೂ ಹೇಳಿದರೆ ನಂಬಬೇಡಿ, ಅತಿಯಾಗಿ ಕುಡಿದದ್ದನ್ನು ಉಪ್ಪು ಸರಿ ಮಾಡುವುದಿಲ್ಲ. ಮೊದಲ ಸುತ್ತು ಮಂಜಿನಲ್ಲಿ ಆರಾಮಾಗಿ ಹೋಯಿತು. ಎರಡನೆಯದರ ಬಗ್ಗೆ ಹೇಳುವಂಥದ್ದೇನೂ ಇಲ್ಲ, ಬಿಸಿಲು, ಕಲ್ಲು, ನಡಿಗೆ.

ಅಕ್ಕ ಈ ಸಲ ಟೇಬಲ್ಲಿನಲ್ಲಿ ಇರಲಿಲ್ಲ. ಮಗಳ ಬಾಣಂತನಕ್ಕೆ ಶಿರಾಕ್ಕೆ ಹೋಗಿದ್ದರು. ಹಿಂದಿನ ರಾತ್ರಿ ಒಂದು ಮೆಸೇಜ್ ಕಳಿಸಿದ್ದರು: "ಉಂಗುರ ಹಾಕಿಕೊಂಡು ಓಡು." ಮೂರನೇ ಟೇಬಲ್ಲಿನಲ್ಲಿ ಕಾಲೇಜು ಹುಡುಗಿಯೊಬ್ಬಳು ಕೂತಿದ್ದಳು. ನನ್ನ ಹಿಂದಿನ ಕತೆ ಅವಳಿಗೆ ಗೊತ್ತಿರಲಿಲ್ಲ. ನಾನು ಬಾಟಲಿ ಚಾಚಿದಾಗ, "ಅಣ್ಣ, ಮೊದಲು ಕೈ ತೋರಿಸಿ" ಅಂದಳು. ತೋರಿಸಿದೆ.

ಗೆರೆ ದಾಟಿದ ಮೇಲೆ ಕೂತು, ಬೆರಳಿನಲ್ಲಿ ಉಂಗುರ ಗಿರ್ರನೆ ತಿರುಗಿಸುವ ವಿಡಿಯೋ ಮಾಡಿ ಅಕ್ಕನಿಗೆ ಕಳಿಸಿದೆ. ಜೊತೆಗೆ ಉದ್ದಕ್ಕೆ ಏನೇನೋ ಬರೆದೆ, ಎರಡು ವರ್ಷದ್ದೆಲ್ಲ. ತುಂಬಾ ಹೊತ್ತು ಉತ್ತರ ಇಲ್ಲ. ಮಗುವಿಗೆ ನೀರು ಹಾಕುತ್ತಿದ್ದರಂತೆ. ಆಮೇಲೆ ಬಂತು:

"ಸರಿ. ಹೋಗಿ ಊಟ ಮಾಡು."