52 ವಾರ, 1,189 ಅಧ್ಯಾಯ: ಜೊತೆಗೆ ಓದಿದ ಎಲ್ಲರಿಗೂ ವಂದನೆ

ಕ್ರಿಸ್ತನಲ್ಲಿ ಪ್ರಿಯರೇ,

ವರ್ಷವಿಡೀ ಜೊತೆಗೆ ಓದಿದ ಸತ್ಯವೇದದಲ್ಲಿ (ಬೈಬಲ್) ಮೊನ್ನೆ ಶನಿವಾರ ಬೆಳಿಗ್ಗೆ ಓದಲು ಉಳಿದಿದ್ದು ಒಂದೇ ಅಧ್ಯಾಯ, ಕೊನೆಯ ಪುಸ್ತಕವಾದ ಪ್ರಕಟನೆಯ 22. ಸೋಮವಾರದಿಂದ ಶನಿವಾರದವರೆಗೆ ದಿನಕ್ಕೆ ಮೂರು, ಭಾನುವಾರ ಐದು. ಹೀಗೆ ವಾರಕ್ಕೆ 23ರಂತೆ ಸಾಗಿದರೆ ಸತ್ಯವೇದದ 66 ಪುಸ್ತಕಗಳ 1,189 ಅಧ್ಯಾಯಗಳು 52ನೇ ವಾರದ ಶನಿವಾರ ಮುಗಿಯುತ್ತವೆ. ಮುಗಿದವು. ದೇವರಿಗೆ ಸ್ತೋತ್ರ, ನಿಮಗೆ ತುಂಬು ಹೃದಯದ ವಂದನೆ.

ಮೊದಲ ವಂದನೆ, ದಿನದ ಓದಿಗೆ ಒಂದು ಸಾಲಿನಂತೆ ನೋಟ್‌ಬುಕ್‌ನಲ್ಲಿ ಬಿಡದೆ ಬರೆದವರಿಗೆ. ಓದು ಮುಗಿದ ಮೇಲೆ ಒಂದೇ ಪ್ರಶ್ನೆ ಕೇಳಿಕೊಳ್ಳಬೇಕೆಂದು ಆರಂಭದಲ್ಲೇ ಒಪ್ಪಿದ್ದೆವು: ಈ ಭಾಗದಲ್ಲಿ ದೇವರು ಎಂಥವನಾಗಿ ಕಾಣುತ್ತಾನೆ? ಸಾಮಾನ್ಯವಾಗಿ ನಮ್ಮ ಕೈ ಹೋಗುವುದು ಬೇರೆ ಪ್ರಶ್ನೆಗೆ. ಇವತ್ತು ನನಗೇನು ಸಿಕ್ಕಿತು ಎನ್ನುತ್ತೇವೆ. ಅದನ್ನೇ ಕೇಳುತ್ತಾ ಹೋದರೆ ಸತ್ಯವೇದ ದಿನಭವಿಷ್ಯದಂತಾಗುತ್ತದೆ, ಆಶೀರ್ವಾದದ ವಚನ ಸಿಗದ ದಿನ ಓದೇ ಬೇಸರವಾಗುತ್ತದೆ. ದೇವರ ಬಗ್ಗೆ ಕೇಳಿದರೆ ಉತ್ತರ ಕೊಡದ ಅಧ್ಯಾಯವೇ ಇಲ್ಲ.

ಈ ಪ್ರಶ್ನೆಗೆ ನಿಜವಾದ ಪರೀಕ್ಷೆ ಬಂದಿದ್ದು ನಾಲ್ಕನೇ ವಾರದ ಮಂಗಳವಾರ. ವಿಮೋಚನಕಾಂಡ 25ರಿಂದ, ಇಸ್ರಾಯೇಲರು ದೇವರಿಗಾಗಿ ಕಟ್ಟಬೇಕಿದ್ದ ಗುಡಾರದ ಅಳತೆಗಳು ಶುರು. ಹತ್ತು ಪರದೆಗಳು, ಒಂದೊಂದೂ 28 ಮೊಳ ಉದ್ದ, 4 ಮೊಳ ಅಗಲ. ಅಲ್ಲಿಯವರೆಗೆ ಅಬ್ರಹಾಮ, ಯೋಸೇಫ, ಕೆಂಪು ಸಮುದ್ರ ಎಂದು ಕಥೆಯ ಓಟದಲ್ಲಿ ಬಂದವರಿಗೆ ಇಲ್ಲಿ ಓಟ ನಿಲ್ಲುತ್ತದೆ. ಹಿಂದೆಯೇ ಯಾಜಕಕಾಂಡದ 27 ಅಧ್ಯಾಯ. ವರ್ಷದ ಓದನ್ನು ಬಿಡುವವರು ಹೆಚ್ಚಾಗಿ ಬಿಡುವುದು ಇಲ್ಲೇ. ಆ ವಾರ ನಾವು ಹೇಳಿದ ಉಪಾಯ ಇಷ್ಟೆ: ಅಳತೆಗೆ ಮೊದಲು 25ನೇ ಅಧ್ಯಾಯದ 8ನೇ ವಚನ ಓದಿ, ಆಮೇಲೆ ಮುಂದಕ್ಕೆ ಹೋಗಿ. ತನ್ನ ಜನರ ನಡುವೆ ವಾಸಿಸಬೇಕೆಂಬುದು ದೇವರ ಆಸೆ. ಆ ಮೊಳಗಳೆಲ್ಲ ಆ ಆಸೆಯ ಲೆಕ್ಕ.

ಆರನೇ ವಾರದ ಓದು, ಸತ್ಯವೇದದ ಅರಣ್ಯಕಾಂಡ 2ನ್ನು ಕಾಗದದ ಮೇಲೆ ಚಿತ್ರ ಬರೆದು ತೋರಿಸಿದ ಸಂಡೇ ಸ್ಕೂಲ್ ಮಕ್ಕಳನ್ನು ಹೇಗೆ ಮರೆಯುವುದು! ಇಸ್ರಾಯೇಲರ ಪಾಳೆಯದ ನಾಲ್ಕು ದಿಕ್ಕಿಗೆ ಮೂರು ಮೂರು ಕುಲ, ಪೂರ್ವಕ್ಕೆ ಯೆಹೂದ, ಮಧ್ಯದಲ್ಲಿ ದೇವದರ್ಶನದ ಗುಡಾರ. ಯಾವ ಡೇರೆಯಿಂದ ಹೊರಬಂದರೂ ಅದು ಕಣ್ಣಿಗೆ ಬೀಳಬೇಕು. ದೇವರನ್ನು ಬದುಕಿನ ನಡುವೆ ಇಡುವುದೆಂದರೆ ಏನೆಂದು ಇದಕ್ಕಿಂತ ಸರಳವಾಗಿ ತೋರಿಸುವ ಪಾಠ ನಮಗೆ ಗೊತ್ತಿಲ್ಲ. ಜಾಗ ಮೊದಲು ಅವನಿಗೆ, ಉಳಿದ ಡೇರೆಗಳು ಸುತ್ತ. ಮೊಬೈಲ್ ಮುಟ್ಟುವ ಮೊದಲು ಓದು ಎಂಬ ನಿಯಮ ಹುಟ್ಟಿದ್ದೂ ಈ ಕ್ರಮದಿಂದಲೇ. ರಾತ್ರಿ ಪಾಳಿಯವರಿಗೆ ಬೆಳಗು ಮಧ್ಯಾಹ್ನವಾಗಿರಬಹುದು. ಎದ್ದ ಮೇಲಿನ ಮೊದಲ ಇಪ್ಪತ್ತು ನಿಮಿಷ ಎಂದರೆ ಸಾಕು.

ನಮ್ಮ ಪಟ್ಟಿಯಲ್ಲೂ ತಪ್ಪುಗಳಿದ್ದವು, ಸಹಿಸಿಕೊಂಡಿರಿ. ಅಧ್ಯಾಯ ಎಣಿಸಿ ಹಂಚಿದ್ದರಿಂದ 15ನೇ ವಾರದ ಭಾನುವಾರ ಒಂದನೇ ಪೂರ್ವಕಾಲವೃತ್ತಾಂತದ 3ರಿಂದ 7, ಐದಕ್ಕೆ ಐದೂ ಬಹುಮಟ್ಟಿಗೆ ಹೆಸರುಗಳೇ. ಆ ಹೆಸರುಗಳ ನಡುವೆ 4ನೇ ಅಧ್ಯಾಯದ 9, 10ನೇ ವಚನಗಳಲ್ಲಿ ಒಬ್ಬನ ಪ್ರಾರ್ಥನೆ ಇದೆ ಎಂದು ಗಮನಿಸಿ ಎಲ್ಲರಿಗೂ ತಿಳಿಸಿದ ಅಕ್ಕಂದಿರಿಗೆ ವಂದನೆ. 26ನೇ ವಾರದ ಭಾನುವಾರ ಇನ್ನೂ ಭಾರ: ಎರಡೇ ವಚನಗಳ 117ನೇ ಕೀರ್ತನೆಯೂ 176 ವಚನಗಳ 119ನೇ ಕೀರ್ತನೆಯೂ ಒಂದೇ ದಿನಕ್ಕೆ ಬಿದ್ದವು. ಮುಂದಿನ ಸಲ 119ನ್ನು ಅದರದೇ 22 ಭಾಗಗಳಾಗಿ, ದಿನಕ್ಕೆ ಎಂಟು ವಚನದಂತೆ ಬೇರೆಯಾಗಿ ಓದೋಣ.

ನಡುವರ್ಷದ 73ನೇ ಕೀರ್ತನೆಯಲ್ಲಿ ನಿಂತು ನೋಡಲು ಅವಕಾಶವಾಯಿತು. ದುಷ್ಟರ ಸುಖ ಕಂಡು ಹೊಟ್ಟೆಕಿಚ್ಚುಪಟ್ಟ ಕೀರ್ತನೆಗಾರ ಆಸಾಫ, 17ನೇ ವಚನದಲ್ಲಿ ದೇವಾಲಯದೊಳಗೆ ಹೋಗುತ್ತಾನೆ. 25ನೇ ವಚನಕ್ಕೆ ಬರುವಾಗ ಅವನಿಗೆ ಭೂಲೋಕದಲ್ಲಿ ದೇವರಲ್ಲದೆ ಬೇರೆ ಆಶೆಯಿಲ್ಲ. ಅವನ ಸುತ್ತಲಿನ ಜನ ಬದಲಾದರೆಂದು ಕೀರ್ತನೆ ಎಲ್ಲೂ ಹೇಳುವುದಿಲ್ಲ.

ಕಣ್ಣು ಮಂಜಾದ ಹಿರಿಯರಿಗೆ ದಿನವೂ ಗಟ್ಟಿಯಾಗಿ ಓದಿ ಹೇಳಿದ ಮೊಮ್ಮಕ್ಕಳಿಗೆ, ಕಷ್ಟದ ಭಾಗ ಬಿಡಿಸಿ ಹೇಳಿದ ಸಭೆಯ ಅಯ್ಯನವರಿಗೆ (ಪಾಸ್ಟರ್), ತಿಂಗಳ ಪಟ್ಟಿ ಅಚ್ಚು ಹಾಕಿಸಿ ಮನೆಮನೆಗೆ ತಲುಪಿಸಿದ ಯೌವನಸ್ಥರಿಗೆ ಋಣಿಗಳು. ಗುಂಪಿನಲ್ಲಿ "ಮುಗಿಯಿತು" ಎಂಬ ಗುರುತು ಹಾಕುವುದು ಬೇಡವೆಂದಾಗ ಒಪ್ಪಿದಿರಿ, ಅದಕ್ಕೂ ವಂದನೆ. ಗುರುತು ಬಿದ್ದಲ್ಲಿ ಹೋಲಿಕೆ ಬರುತ್ತದೆ, ಹೋಲಿಕೆ ಬಂದಲ್ಲಿ ಓದು ದೇವರ ಮುಂದಿನದಾಗಿ ಉಳಿಯುವುದಿಲ್ಲ.

ಕೊನೆಯದಾಗಿ, ನಡುವೆ ಬಿಟ್ಟು ಮತ್ತೆ ಬಂದವರಿಗೆ. ಎರಡು ದಿನ ತಪ್ಪಿದರೆ ಆರು ಅಧ್ಯಾಯ ಬಾಕಿ. ಅದನ್ನೂ ಸೇರಿಸಿ ಭಾನುವಾರ ಹನ್ನೊಂದು ಓದಲು ಕೂತವರು ಮರುವಾರ ಪೂರ್ತಿ ನಿಲ್ಲಿಸುತ್ತಾರೆ. ನೀವು ಬಾಕಿಯನ್ನು ಹಿಂದಿನ ಪುಟದಲ್ಲಿ ಬರೆದಿಟ್ಟು, ಅಂದಿನ ತಾರೀಖಿನ ಭಾಗಕ್ಕೇ ಬಂದು ಕೂತಿರಿ. ಆ ಬಾಕಿ ಅಧ್ಯಾಯಗಳನ್ನು ಈ ಭಾನುವಾರ ಸಂಜೆ ಆರಾಧನೆಯ ನಂತರ ಒಟ್ಟಿಗೆ ಕೂತು ಓದೋಣ. ನೋಟ್‌ಬುಕ್ ತನ್ನಿ.