ಪ್ರಾಂಗಣದ ಹೊರಗಿನ ಮಾರಾಟಕ್ಕೂ ಲೆಕ್ಕವಿರಲಿ

ಮಾನ್ಯ ಸಂಪಾದಕರೇ,

ಗೋವಿನಜೋಳದ, ಅಂದರೆ ಮೆಕ್ಕೆಜೋಳದ, ಬೆಲೆ ಕುಸಿತದ ಬಗ್ಗೆ ತಮ್ಮ ಪತ್ರಿಕೆಯಲ್ಲಿ ಬರುತ್ತಿರುವ ವರದಿಗಳನ್ನೂ ಓದುಗರ ಪತ್ರಗಳನ್ನೂ ತಪ್ಪದೆ ಓದುತ್ತಿದ್ದೇನೆ. ಬೆಂಬಲ ಬೆಲೆ ಎಷ್ಟಿರಬೇಕು, ಖರೀದಿ ಕೇಂದ್ರವನ್ನು ಯಾವಾಗ ತೆರೆಯಬೇಕು ಎಂಬುದರ ಸುತ್ತಲೇ ಚರ್ಚೆ ನಡೆದಿದೆ. ಇವೆರಡಕ್ಕೂ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ: ನಮ್ಮ ಕಾಳಿನ ದರ ಎಲ್ಲಿ ನಿಗದಿಯಾಗುತ್ತದೆ, ಅದನ್ನು ಬರೆದಿಡುವವರು ಯಾರು? ರಾಣೆಬೆನ್ನೂರು ತಾಲ್ಲೂಕಿನ ಒಬ್ಬ ಬೆಳೆಗಾರನಾಗಿ ಇದನ್ನು ತಮ್ಮ ಓದುಗರ ಮುಂದಿಡಲು ಬಯಸುತ್ತೇನೆ.

2025ರ ಮುಂಗಾರು ಬೆಳೆಗೆ ಕೇಂದ್ರ ಸರ್ಕಾರ ಘೋಷಿಸಿದ್ದ ಬೆಂಬಲ ಬೆಲೆ ಕ್ವಿಂಟಲ್‌ಗೆ 2,400 ರೂಪಾಯಿ. ತೆನೆ ಮುರಿದು ರಾಶಿ ಮಾಡಿ ನವೆಂಬರ್ ಹೊತ್ತಿಗೆ ಮಾರುಕಟ್ಟೆಗೆ ತಂದಾಗ 1,600ರಿಂದ 1,800 ರೂಪಾಯಿಗೆ ಕೇಳುವವರೇ ಹೆಚ್ಚಾಗಿದ್ದರು. ಹಾವೇರಿ, ಗದಗ ಜಿಲ್ಲೆಗಳ ರೈತರು ರಸ್ತೆಗಿಳಿದ ಮೇಲೆ, ಡಿಸ್ಟಿಲರಿಗಳೂ ಕೋಳಿ ಆಹಾರ ತಯಾರಕರೂ ಬೆಂಬಲ ಬೆಲೆಗೆ ಖರೀದಿಸಬೇಕೆಂದು ರಾಜ್ಯ ಸರ್ಕಾರ ಸೂಚಿಸಿತು. ಆ ಹೋರಾಟದಲ್ಲಿ ನಾವು ಅಧಿಕಾರಿಗಳಿಗೆ ತೋರಿಸಿದ ಆಧಾರ ಯಾವುದು? ಕೃಷಿ ಉತ್ಪನ್ನ ಮಾರುಕಟ್ಟೆ ಸಮಿತಿಯ (ಎಪಿಎಂಸಿ) ಪ್ರಾಂಗಣದ ಇ-ಟೆಂಡರ್‌ನಲ್ಲಿ ದಿನವೂ ದಾಖಲಾಗುವ ದರವೇ ಹೊರತು ಬೇರೆ ಯಾವುದೂ ಇರಲಿಲ್ಲ. ಅದೇ ವಾರ ಹೊಲದಲ್ಲೇ, ಊರ ಕಣದಲ್ಲೇ ಲಾರಿಗೆ ತುಂಬಿ ಕೊಟ್ಟವರಿಗೆ ಎಷ್ಟು ಸಿಕ್ಕಿತು ಎಂಬುದು ಯಾವ ಕಡತದಲ್ಲೂ ಇಲ್ಲ.

ದಲಾಲರು ಮತ್ತು ಖರೀದಿದಾರರು ಟವೆಲಿನ ಮರೆಯಲ್ಲಿ ಬೆರಳು ಹಿಡಿದು ವ್ಯಾಪಾರ ಮುಗಿಸುತ್ತಿದ್ದುದನ್ನೂ, ಕಾಳಿನ ಒಡೆಯ ಪಕ್ಕದಲ್ಲೇ ನಿಂತಿದ್ದರೂ ಅವನಿಗೆ ದರ ತಿಳಿಯದೇ ಇದ್ದುದನ್ನೂ ನಮ್ಮ ಹಿರಿಯರು ಹೇಳುತ್ತಿದ್ದರು. 1966ರ ಕೃಷಿ ಉತ್ಪನ್ನ ಮಾರುಕಟ್ಟೆ ಕಾಯ್ದೆಯಡಿ ತೂಕ, ದರ ಮತ್ತು ಹಣ ಪಾವತಿ ಮೂರೂ ಸಮಿತಿಯ ಕಣ್ಣೆದುರಿಗೆ ಬಂದವು. 2014ರಲ್ಲಿ ಕರ್ನಾಟಕವು ಪ್ರಾಂಗಣಗಳನ್ನು ಆನ್‌ಲೈನ್‌ನಲ್ಲಿ ಜೋಡಿಸುವ ಏಕೀಕೃತ ಮಾರುಕಟ್ಟೆ ವೇದಿಕೆಯನ್ನು ತಂದಿತು. ಇಂಥದೇ ಆದ ಕೇಂದ್ರದ ಇ-ನಾಮ್ ವೇದಿಕೆ ಆರಂಭವಾದದ್ದು ಅದಾಗಿ ಎರಡು ವರ್ಷಗಳ ನಂತರ. ಇ-ಟೆಂಡರ್‌ನಲ್ಲಿ ನಮ್ಮ ರಾಶಿಗೆ ಲಾಟ್ ಸಂಖ್ಯೆ ಬೀಳುತ್ತದೆ, ಒಬ್ಬ ಬರೆದ ದರ ಇನ್ನೊಬ್ಬನಿಗೆ ಕಾಣದಂತೆ ವರ್ತಕರು ಟೆಂಡರ್ ಹಾಕುತ್ತಾರೆ, ಬಂದ ದರ ಒಪ್ಪಿಗೆಯಾಗದಿದ್ದರೆ ಬೇಡವೆನ್ನುವ ಹಕ್ಕು ನಮಗಿರುತ್ತದೆ. ರಾಜ್ಯದ ಈ ವೇದಿಕೆಯಿಂದ ಭತ್ತದ ದರ ಶೇ 5.1ರಷ್ಟು, ಶೇಂಗಾ ದರ ಶೇ 3.6ರಷ್ಟು, ಮೆಕ್ಕೆಜೋಳದ ದರ ಶೇ 3.5ರಷ್ಟು ಏರಿತೆಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಲೆಕ್ಕ ಹಾಕಿದೆ. ತೊಗರಿ, ಹತ್ತಿಗಳಲ್ಲಿ ಅಂಥ ಏರಿಕೆ ಕಾಣಲಿಲ್ಲವೆಂದೂ ಅದೇ ಅಧ್ಯಯನ ಹೇಳುತ್ತದೆ. ನೂರಕ್ಕೆ ಮೂರೂವರೆ ರೂಪಾಯಿ ಸಣ್ಣದೆಂದು ಕಾಣಬಹುದು. ಐವತ್ತು ಕ್ವಿಂಟಲ್ ಮಾರುವವನಿಗೆ ಅದು ಒಂದು ಹಂಗಾಮಿನ ಗೊಬ್ಬರದ ಖರ್ಚಿಗೆ ಒದಗುವ ಹಣ.

2020ರಲ್ಲಿ ರಾಜ್ಯದ ಕಾಯ್ದೆಗೆ ತಿದ್ದುಪಡಿಯಾಗಿ ಸಮಿತಿಯ ಅಧಿಕಾರ ಪ್ರಾಂಗಣದ ಕಾಂಪೌಂಡಿನೊಳಕ್ಕಷ್ಟೇ ಸೀಮಿತವಾಯಿತು. ನೂರಕ್ಕೆ ಒಂದೂವರೆ ರೂಪಾಯಿ ಇದ್ದ ಮಾರುಕಟ್ಟೆ ಶುಲ್ಕವನ್ನು 35 ಪೈಸೆಗೆ ಇಳಿಸಿ, ಆಮೇಲೆ 60 ಪೈಸೆಗೆ ತರಲಾಯಿತು. ಕೇಂದ್ರದ ಮೂರು ಕೃಷಿ ಕಾಯ್ದೆಗಳು 2021ರ ಕೊನೆಗೆ ರದ್ದಾದವು. ರಾಜ್ಯದ ತಿದ್ದುಪಡಿ ಮಾತ್ರ ಉಳಿಯಿತು. ಅದನ್ನು ಹಿಂಪಡೆಯುವ ಮಸೂದೆ 2023ರಲ್ಲಿ ವಿಧಾನಸಭೆಯನ್ನು ದಾಟಿ ಮೇಲ್ಮನೆಯಲ್ಲಿ ಸದನ ಸಮಿತಿಯ ಪರಿಶೀಲನೆಗೆ ಹೋಯಿತು. ಈ ಎಳೆದಾಟದ ಉದ್ದಕ್ಕೂ ಹೊರಗೆ ಮಾರಿದವನ ರಕ್ಷಣೆಯ ಮಾತು ಹಿಂದೆ ಬಿದ್ದದ್ದು ನನಗೆ ಬಹಳ ನೋವಿನ ಸಂಗತಿ.

ನನ್ನ ಅನುಭವವನ್ನೇ ಹೇಳುತ್ತೇನೆ. ತಿದ್ದುಪಡಿಯ ಮರುವರ್ಷ ಊರಿಗೆ ಲಾರಿ ತಂದ ವ್ಯಾಪಾರಿಯೊಬ್ಬರಿಗೆ ಮೂವತ್ತೆರಡು ಕ್ವಿಂಟಲ್ ಕೊಟ್ಟೆ. ಮಳೆ ಮೋಡ ಕವಿದಿತ್ತು, ಒಣಗಿಸಲು ಜಾಗವಿರಲಿಲ್ಲ, ಬಾಡಿಗೆ ಟ್ರ್ಯಾಕ್ಟರ್‌ಗೂ ಹಮಾಲಿಗೂ ಕೈಯಲ್ಲಿ ಹಣವಿರಲಿಲ್ಲ. ಅರ್ಧ ಹಣ ಅಂದೇ ಬಂತು. ಉಳಿದದ್ದಕ್ಕೆ ನಾಲ್ಕು ತಿಂಗಳು ಅಲೆದೆ; ಕೊನೆಗೆ ತೇವಾಂಶ ಹೆಚ್ಚಿತ್ತೆಂದು ಕ್ವಿಂಟಲ್‌ಗೆ ನಾಲ್ಕು ಕಿಲೊ ಮುರಿದು ಲೆಕ್ಕ ಮುಗಿಸಿದರು. ಸಮಿತಿಗೆ ದೂರು ಕೊಡಲು ಹೋದಾಗ, ವ್ಯಾಪಾರ ಪ್ರಾಂಗಣದ ಹೊರಗೆ ನಡೆದಿರುವುದರಿಂದ ತಾವು ಮಧ್ಯೆ ಬರಲಾಗದೆಂದು ಅಲ್ಲಿನವರು ಹೇಳಿದರು. ನನ್ನ ಬಳಿ ಇದ್ದದ್ದು ಹೆಸರೂ ಇಲ್ಲದ ಒಂದು ಬಿಳಿ ಚೀಟಿ.

ಪ್ರಾಂಗಣದೊಳಗೆ ಎಲ್ಲವೂ ಸರಿಯಾಗಿದೆಯೆಂದು ನಾನು ಹೇಳುತ್ತಿಲ್ಲ. ದಲಾಲಿಯನ್ನು ಖರೀದಿದಾರನಿಂದಲೇ ಪಡೆಯಬೇಕೆಂಬ ನಿಯಮವಿದ್ದರೂ ರೈತನ ಮಾರಾಟದ ಪಟ್ಟಿಯಲ್ಲಿ (ಬಿಲ್) ಅದನ್ನು ಬೇರೆ ಬೇರೆ ಹೆಸರಿನಲ್ಲಿ ಮುರಿಯುವ ಅಂಗಡಿಗಳಿವೆ, ಅಲ್ಲೂ ಬಿಳಿ ಚೀಟಿ ಓಡಾಡುತ್ತದೆ. ಬಿತ್ತನೆಗೆ ಮುಂಗಡ ಪಡೆದವನು ಅದೇ ಅಂಗಡಿಗೆ ಮಾಲು ಹಾಕಬೇಕಾಗುತ್ತದೆ, ಅವನ ಪಾಲಿಗೆ ಟೆಂಡರ್ ನಡೆದರೂ ಒಂದೇ, ನಡೆಯದಿದ್ದರೂ ಒಂದೇ. ಆದರೆ ಅಲ್ಲಿ ಪಟ್ಟಿ ಕೇಳಬಹುದು, ಮರುತೂಕ ಕೇಳಬಹುದು, ಹಣ ಬಾರದಿದ್ದರೆ ವರ್ತಕನ ಪರವಾನಗಿಯನ್ನು ತಡೆಯುವಂತೆ ಸಮಿತಿಯನ್ನು ಒತ್ತಾಯಿಸಬಹುದು. ಹೊರಗೆ ಇದಾವುದೂ ಇಲ್ಲ.

ಹೊರಗಿನ ಖರೀದಿಯನ್ನು ನಿಷೇಧಿಸಿ ಎಂದು ನಾನು ಕೇಳುವುದಿಲ್ಲ. ಎತನಾಲ್ ಘಟಕ ನೇರವಾಗಿ ಬಂದು ಒಳ್ಳೆಯ ದರ ಕೊಟ್ಟರೆ ರೈತನನ್ನು ತಡೆಯುವ ಹಕ್ಕು ಯಾರಿಗೂ ಇಲ್ಲ. ಆದರೆ ಕಾಳು ಕೊಳ್ಳುವ ಯಾರೇ ಆಗಲಿ, ಲಾರಿ ವ್ಯಾಪಾರಿಯಾಗಲಿ ದೊಡ್ಡ ಕಾರ್ಖಾನೆಯಾಗಲಿ, ಆಯಾ ತಾಲ್ಲೂಕಿನ ಸಮಿತಿಯಲ್ಲಿ ನೋಂದಾಯಿಸಿ ಬ್ಯಾಂಕ್ ಖಾತರಿ ಇಡಬೇಕು; ಕೊಂಡ ತೂಕ, ತೇವಾಂಶ, ದರ ಮೂರನ್ನೂ ಅದೇ ದಿನ ಇ-ಟೆಂಡರ್ ನಡೆಯುವ ವೇದಿಕೆಯಲ್ಲಿ ದಾಖಲಿಸಬೇಕು; ಅದರ ಸಂದೇಶ ರೈತನ ಮೊಬೈಲ್‌ಗೆ ಬರಬೇಕು. ರೈತನ ಹಿಡುವಳಿಯ ವಿವರವಿರುವ, ಸರ್ಕಾರದ ಫ್ರೂಟ್ಸ್ ನೋಂದಣಿ ಸಂಖ್ಯೆ ಈಗಾಗಲೇ ಇರುವಾಗ ಇದಕ್ಕೆ ಹೊಸ ವ್ಯವಸ್ಥೆಯನ್ನೇನೂ ಕಟ್ಟಬೇಕಾಗಿಲ್ಲ. ಶುಲ್ಕವೂ ಒಳಗೆ ಹೊರಗೆ ಒಂದೇ ಆಗಿರಲಿ. ಇಲ್ಲದಿದ್ದರೆ ವರ್ತಕರು ಹೊರಗೇ ಉಳಿದು, ಪ್ರಾಂಗಣದಲ್ಲಿ ಟೆಂಡರ್ ಹಾಕುವವರು ನಾಲ್ಕೇ ಜನರಾದರೆ, ಅಲ್ಲಿ ಬೀಳುವ ದರವನ್ನೇ ತೋರಿಸಿ ಊರಲ್ಲೂ ಕಡಿಮೆಗೆ ಕೇಳುತ್ತಾರೆ.

ಆ ಶುಲ್ಕದ ಹಣದಲ್ಲಿ ಮೊದಲು ಆಗಬೇಕಾದದ್ದು ಹೋಬಳಿ ಮಟ್ಟದಲ್ಲಿ ಕಾಂಕ್ರೀಟ್ ಒಣಗಿಸುವ ಕಣಗಳು ಮತ್ತು ಎಲ್ಲರ ಎದುರು ತೇವಾಂಶ ಅಳೆಯುವ ಯಂತ್ರ. ಖರೀದಿ ಕೇಂದ್ರ ಕೇಳುವುದು ಶೇ 14ಕ್ಕಿಂತ ಕಡಿಮೆ ತೇವಾಂಶದ ಕಾಳನ್ನು. ಅಕ್ಟೋಬರ್, ನವೆಂಬರ್‌ನ ಮಳೆಯಲ್ಲಿ ಡಾಂಬರು ರಸ್ತೆಯ ಮೇಲೆ ಒಣಹಾಕುವ ನಮಗೆ ಆ ಮಟ್ಟ ಮುಟ್ಟುವುದು ಎಷ್ಟು ಕಷ್ಟವೆಂಬುದು ಆ ದಾರಿಯಲ್ಲಿ ಓಡಾಡಿದವರಿಗೆಲ್ಲ ಗೊತ್ತಿದೆ. ಒಣಗಿದ ಕಾಳನ್ನು ಗೋದಾಮಿನಲ್ಲಿಟ್ಟು ಅಡಮಾನ ಸಾಲ ಪಡೆಯುವ ಯೋಜನೆ ಸಮಿತಿಗಳಲ್ಲಿದೆ, ಆದರೆ ನಮ್ಮೂರಲ್ಲಿ ಅದರ ಹೆಸರು ಕೇಳಿದವರೇ ಕಡಿಮೆ.

ಮುಂದಿನ ತೆನೆ ಮುರಿಯುವ ಮೊದಲು, ಅಂದರೆ ಸೆಪ್ಟೆಂಬರ್‌ನೊಳಗೆ, ಕೃಷಿ ಮಾರುಕಟ್ಟೆ ಸಚಿವರು ಹಾವೇರಿ, ದಾವಣಗೆರೆ ಜಿಲ್ಲೆಗಳಲ್ಲಾದರೂ ಹೊರಗಿನ ಖರೀದಿದಾರರ ನೋಂದಣಿಯನ್ನು ಆರಂಭಿಸಬೇಕೆಂದು, ಆ ಪಟ್ಟಿಯನ್ನು ಪ್ರತಿ ಗ್ರಾಮ ಪಂಚಾಯಿತಿಯ ಫಲಕದಲ್ಲಿ ಹಚ್ಚಿಸಬೇಕೆಂದು ತಮ್ಮ ಪತ್ರಿಕೆಯ ಮೂಲಕ ವಿನಂತಿಸುತ್ತೇನೆ.

ತಮ್ಮ ವಿಶ್ವಾಸಿ,
ಒಬ್ಬ ಗೋವಿನಜೋಳ ಬೆಳೆಗಾರ
ರಾಣೆಬೆನ್ನೂರು ತಾಲ್ಲೂಕು, ಹಾವೇರಿ ಜಿಲ್ಲೆ