ಪರೇಲಿನ ಖೋಲಿಗೆ ಕಿಟಕಿ ಇರಲಿಲ್ಲ

ಡೊಂಬಿವಲಿ,
ನವೆಂಬರ್ ಕೊನೆಯ ವಾರ

ಪ್ರೀತಿಯ ಮಗೂ,

ನಿನ್ನ ಕಾಗದವೂ ಅದರ ಜೊತೆಗಿಟ್ಟ ನಾಲ್ಕು ಪುಟಗಳೂ ತಲುಪಿದವು. ಡಿಸೆಂಬರಿನಲ್ಲಿ ಅಪ್ಪನನ್ನು ಕಾರಿನಲ್ಲಿ ಕೂರಿಸಿಕೊಂಡು, ಅವರು ದುಡಿದ ಮುಂಬಯಿ, ಪುಣೆ, ಗೋವಾಗಳನ್ನೆಲ್ಲ ಮತ್ತೆ ಸುತ್ತಿ ಬರುವ ನಿನ್ನ ಯೋಚನೆ ಒಳ್ಳೆಯದುಂಟು. ಆದರೆ ಹೊರಡುವ ಮೊದಲೇ ನಾಲ್ಕು ಪುಟ ಬರೆದಾಯಿತಲ್ಲ ಮಾರಾಯ್ತಿ, ಅದು ನನಗೆ ಹೆದರಿಕೆ ಹುಟ್ಟಿಸಿತು.

ಮೊದಲ ಸಾಲು "ಎಂದೂ ಮಲಗದ ಮಹಾನಗರಿ". ನಾನು ಹದಿನೈದನೇ ವಯಸ್ಸಿಗೆ ಕುಂದಾಪುರ ಕಡೆಯಿಂದ ಬಂದು ಫೋರ್ಟಿನ ಒಂದು ಉಡುಪಿ ಹೋಟೆಲಿಗೆ ಮಾಣಿಯಾಗಿ ಸೇರಿದವನು. ಕನ್ನಡ ರಾತ್ರಿ ಶಾಲೆಯಿಂದ ಬಂದು, ಮೇಜು ಒರಸಿ, ಅದರ ಮೇಲೆಯೇ ಚಾದರ ಹಾಸಿಕೊಳ್ಳುತ್ತಿದ್ದೆವು. ಆಫೀಸುಗಳು ಮುಚ್ಚಿದ ಮೇಲೆ ಫೋರ್ಟಿನಲ್ಲಿ ಇದ್ದ ಮೌನ ನಮ್ಮೂರ ಬೈಲಿನಲ್ಲೂ ಇರಲಿಲ್ಲ. ಬೈಲಿನಲ್ಲಾದರೆ ಕಪ್ಪೆಗಳಾದರೂ ಇದ್ದವು. ಮುಂಬಯಿ ಚೆನ್ನಾಗಿ ಮಲಗುತ್ತದೆ. ಮಲಗಲಿಕ್ಕೆ ಜಾಗ ಸಿಗದವರು ಮಾತ್ರ ಎದ್ದಿರುತ್ತಾರೆ.

ಇನ್ನೊಂದು ವಿಷಯ. "ಎಲ್ಲ ಬದಲಾಗಿಬಿಟ್ಟಿದೆ" ಎಂಬ ಮಾತು ನಾಲ್ಕು ಪುಟದಲ್ಲಿ ಆರು ಸಲ ಬಂದಿದೆ. ನೀನಿನ್ನೂ ನೋಡಿಯೇ ಇಲ್ಲವಲ್ಲ? 2023ರಲ್ಲಿ ಹಳೆಯ ಡಬಲ್ ಡೆಕರ್ ಬಸ್ಸುಗಳೂ ಪದ್ಮಿನಿ ಟ್ಯಾಕ್ಸಿಗಳೂ ಒಂದರ ಹಿಂದೆ ಒಂದು ರಸ್ತೆಯಿಂದ ಹೋದಾಗ ಊರಿಗೆ ಊರೇ ಶ್ರದ್ಧಾಂಜಲಿ ಬರೆಯಿತು, ನನ್ನದೂ ಒಂದು ಇತ್ತು. ಈಗ ಓದಿದರೆ ಯಾರು ಬರೆದದ್ದೆಂದು ನನಗೇ ಗೊತ್ತಾಗುವುದಿಲ್ಲ.

ಕಳೆದ ಜನವರಿಯಲ್ಲಿ ನಾನೂ ಇದೇ ಸುತ್ತು ಹೊಡೆದು ಬಂದೆ. ಕಾರು ಓಡಿಸಿದ್ದು ತಂಗಿಯ ಮಗ. ನಿನಗೆ ಹೇಳಬೇಕಾದದ್ದನ್ನು ನಾನೇ ಕಲಿತದ್ದು ಆ ತಿರುಗಾಟದಲ್ಲಿ, ಅರವತ್ತೈದು ದಾಟಿದ ಮೇಲೆ, ಅದೂ ಮೊದಲನೇ ದಿನವೇ ಪೆಟ್ಟು ತಿಂದು.

ಎಸ್ಸೆಸ್ಸಿ ಮುಗಿಸಿದ ಮೇಲೆ ನಾನು ಪರೇಲಿನ ಒಂದು ಹೋಟೆಲಿನಲ್ಲಿ ಗಲ್ಲೆಗೆ ಕೂತೆ. ವಾಸ ಅಲ್ಲೇ ಒಂದು ಚಾಳಿನ ಎರಡನೇ ಮಾಳಿಗೆಯಲ್ಲಿ. ಹತ್ತಡಿಗೆ ಹತ್ತಡಿಯ ಖೋಲಿ, ಒಂಬತ್ತು ಜನ, ಪಾಳಿಯ ಮೇಲೆ ನಿದ್ದೆ. ಆ ಖೋಲಿಯ ಬಗ್ಗೆ ನಾನು ಬರೆದ ಕಥೆಯನ್ನು ನೀನು ಓದಿದ್ದೀ, ಹೊಗಳಿಯೂ ಇದ್ದೀ. ಅದರಲ್ಲಿ ಒಂದು ಕಿಟಕಿ ಬರುತ್ತದೆ. 1983ರ ಚಳಿಗಾಲದ ಬೆಳಿಗ್ಗೆ ಕಥಾನಾಯಕ ಕಿಟಕಿಯಲ್ಲಿ ನಿಂತು ಬಟ್ಟೆ ಗಿರಣಿಯ ಚಿಮಣಿಯಿಂದ ಏಳುವ ಹೊಗೆ ನೋಡುತ್ತಾನೆ, ಊರಿನ ಬಚ್ಚಲೊಲೆಯ ಹೊಗೆ ನೆನಪಾಗುತ್ತದೆ. ಓದುಗರು ಈಗಲೂ ಆ ಕಿಟಕಿಯ ಮಾತೆತ್ತುತ್ತಾರೆ.

ಚಾಳು ಇನ್ನೂ ನಿಂತಿದೆ. ಸಂಕ್ರಾಂತಿಯ ದಿನ ನಾನು ಹೋದದ್ದು. ಈಗ ಅಲ್ಲಿರುವ ಹೆಂಗಸು ಒಳಗೆ ಕರೆದು, ತಿಳಗುಳ ಕೈಗಿಟ್ಟು, "ಗೋಡ್ ಬೋಲಾ" ಎಂದಳು. ನಾನು ಗೋಡೆ ನೋಡುತ್ತಾ ನಿಂತೆ. ಮೂರು ಕಡೆ ಗೋಡೆ, ಒಂದು ಕಡೆ ಪಡಸಾಲೆಗೆ ತೆರೆಯುವ ಬಾಗಿಲು. ಇಲ್ಲೊಂದು ಕಿಟಕಿ ಇತ್ತಲ್ಲ, ಮುಚ್ಚಿಸಿದಿರಾ ಎಂದು ಕೇಳಿದೆ. ಅವಳಿಗೆ ನಗು ಬಂತು. ಈ ಕಡೆ ಪಕ್ಕದವರ ಖೋಲಿ, ಆ ಕಡೆಯೂ ಖೋಲಿ, ಹಿಂದೆಯೂ ಖೋಲಿ, ಕಿಟಕಿ ಎಲ್ಲಿಗೆ ಇಡುವುದು ಕಾಕಾ ಎಂದಳು.

ಹಾಗಾದರೆ ಚಿಮಣಿ? ಅದು ಸುಳ್ಳಲ್ಲ, ದಿನಾ ನೋಡಿದ್ದೆ. ಪಡಸಾಲೆಯ ಕೊನೆಯವರೆಗೆ ನಡೆದು ಹೋದ ಮೇಲೆ ನೆನಪಾಯಿತು: ಅದು ಕಾಣುತ್ತಿದ್ದದ್ದು ಸಂಡಾಸಿನ ಸಾಲಿನಿಂದ. ಕೈಯಲ್ಲಿ ಡಬ್ಬ ಹಿಡಿದು ನಿಂತಾಗ ಎದುರಿಗೆ. ಅಷ್ಟು ವರ್ಷಗಳಲ್ಲಿ ನನ್ನ ತಲೆ ಸದ್ದಿಲ್ಲದೆ ಆ ಸಾಲನ್ನು ಒರಸಿ ಹಾಕಿ ನನಗೊಂದು ಕಿಟಕಿ ಮಂಜೂರು ಮಾಡಿತ್ತು.

ಅಷ್ಟೇ ಆಗಿದ್ದರೆ ನಕ್ಕು ಬಿಡಬಹುದಿತ್ತು. ಹೊಗೆಯೂ ಸುಳ್ಳು. ಗಿರಣಿ ಮುಷ್ಕರ ಶುರುವಾದದ್ದು 1982ರ ಜನವರಿ 18ಕ್ಕೆ. ಹೆಚ್ಚು ಕಡಿಮೆ ಎರಡೂವರೆ ಲಕ್ಷ ಜನ ಕೆಲಸ ಬಿಟ್ಟು ಹೊರಗೆ ನಿಂತರು. ಆಮೇಲೆ ಕೆಲವು ಗಿರಣಿ ಅರ್ಧಂಬರ್ಧ ತಿರುಗಿದವು, ಎಷ್ಟೋ ತಿರುಗಲೇ ಇಲ್ಲ. 1983ರಲ್ಲಿ ನನ್ನೆದುರಿಗಿದ್ದ ಚಿಮಣಿ ತಣ್ಣಗಿತ್ತು. ಬಚ್ಚಲೊಲೆಯ ಹೋಲಿಕೆಗೆ ಹೊಗೆ ಬೇಕಿತ್ತು, ಹಾಗಾಗಿ ಹೊಗೆ ಬಿಟ್ಟೆ.

ನಿಜವಾಗಿ ಅಲ್ಲಿ ಏನಿತ್ತು ಗೊತ್ತೇ? ಮುಷ್ಕರದ ಮೊದಲು ಆ ಸಾಲಿನಲ್ಲಿ ದಿನಾ ಜಗಳ. ಗಿರಣಿಯ ಭೋಂಗಾ ಕೂಗುವುದರೊಳಗೆ ಎಲ್ಲರಿಗೂ ಮುಗಿಸಿ ಓಡಬೇಕು, ಬಾಗಿಲು ಬಡಿಯುವವರು, ಬೈಯುವವರು, ಡಬ್ಬ ಮುಂದಿಟ್ಟು ಜಾಗ ಹಿಡಿಯುವವರು. ಮುಷ್ಕರ ಶುರುವಾಗಿ ಎರಡು ಮೂರು ತಿಂಗಳಾದ ಮೇಲೆ ಅದೇ ಸಾಲಿನಲ್ಲಿ ಯಾರಿಗೂ ಅವಸರ ಇರಲಿಲ್ಲ. "ಆಪ್ ಜಾಯಿಯೇ" ಎಂದು ಹಿಂದಿನವನಿಗೆ ಬಿಟ್ಟುಕೊಡುತ್ತಿದ್ದರು. ನಾನೊಬ್ಬನೇ ಹೋಟೆಲಿಗೆ ಹೊತ್ತಾಯಿತೆಂದು ಚಡಪಡಿಸುವವನು. ಹೋಟೆಲಿನಲ್ಲಿ ಅವರದೇ ಉದ್ರಿ ಪುಸ್ತಕ ನನ್ನ ಕೈಯಲ್ಲಿ. ಬೆಳಿಗ್ಗೆ ಜಾಗ ಬಿಟ್ಟುಕೊಟ್ಟವನಿಗೆ ಮಧ್ಯಾಹ್ನ ಚಹಾ ಕೊಡುವುದೋ ಬೇಡವೋ ಎಂದು ಮಾಲಕರ ಮುಖ ನೋಡಬೇಕಾದವನು ನಾನು. ಆ ಸಾಲು ನನ್ನ ಕಥೆಯಲ್ಲಿ ಇರಬೇಕಿತ್ತು. ನಾನು ಕಿಟಕಿ ಬರೆದೆ.

ಆದ್ದರಿಂದ ನಿನ್ನ ಅಪ್ಪ ಯಾವುದಾದರೂ ಜಾಗದ ಬಗ್ಗೆ ಬಹಳ ಚಂದವಾಗಿ ಹೇಳತೊಡಗಿದರೆ ಸ್ವಲ್ಪ ಅನುಮಾನ ಇರಲಿ. ಜಗಳ ಮಾಡಬೇಡ. ನೀರು ಎಷ್ಟು ಹೊತ್ತಿಗೆ ಬರುತ್ತಿತ್ತು, ಬಟ್ಟೆ ಎಲ್ಲಿ ಒಣಗಿಸುತ್ತಿದ್ದಿರಿ, ಸಂಡಾಸು ಯಾವ ಕಡೆ ಇತ್ತು, ಇಂಥದ್ದನ್ನು ಕೇಳು. ಚಂದದ ನೆನಪು ಎಷ್ಟೋ ಸಲ ಹೇಳಿ ಹೇಳಿ ನುಣುಪಾಗಿರುತ್ತದೆ. ಸಂಡಾಸಿನ ವಿಷಯ ಯಾರೂ ಕೇಳಿರುವುದಿಲ್ಲ, ಅದು ಇದ್ದ ಹಾಗೆಯೇ ಉಳಿದಿರುತ್ತದೆ.

ಪುಣೆಗೆ ಹೋಗುವಾಗ ಎಕ್ಸ್‌ಪ್ರೆಸ್‌ವೇ ಬೇಡ, ಹಳೇ ರಸ್ತೆಯಲ್ಲಿ ಖೋಪೋಲಿಯ ಮೇಲೆ ಹೋಗೋಣ ಎಂದೆ. 1984ರಲ್ಲಿ ನಾನು ಟ್ರಂಕು ಹೊತ್ತು ದಾದರಿನಿಂದ ಏಶಿಯಾಡ್ ಬಸ್ಸಿನಲ್ಲಿ ಹೋದ ದಾರಿ ಅದು. ಎಕ್ಸ್‌ಪ್ರೆಸ್‌ವೇ ಪೂರ್ತಿ ತೆರೆದದ್ದು 2002ರಲ್ಲಿ. ಬೋರ್ ಘಾಟಿನಲ್ಲಿ ಅಮೃತಾಂಜನ್ ಸೇತುವೆ ಕಂಡರೆ ಲೋಣಾವಳ ಬಂತೆಂದು ಬಸ್ಸಿನಲ್ಲಿ ಎಲ್ಲರೂ ಎಚ್ಚರಾಗುತ್ತಿದ್ದರು. 1830ರಲ್ಲಿ ಕಟ್ಟಿದ ಆ ಸೇತುವೆಯನ್ನು 2020ರ ಏಪ್ರಿಲ್‌ನಲ್ಲಿ, ಲಾಕ್‌ಡೌನಿನಿಂದ ರಸ್ತೆ ಖಾಲಿ ಇದ್ದಾಗ, ಕೆಡವಿದರು. ಅದು ನನಗೆ ಗೊತ್ತಿತ್ತು. ಆದರೂ ಘಾಟಿ ಹತ್ತುವಾಗ ಕುತ್ತಿಗೆ ತಾನಾಗಿ ಮೇಲೆ ಹೋಯಿತು. ಪಕ್ಕದಲ್ಲಿ ಅಳಿಯ ಏನು ನೋಡುತ್ತೀರಿ ಮಾವ ಎಂದ. ಏನಿಲ್ಲ ಎಂದೆ. ಅಪ್ಪನ ಕುತ್ತಿಗೆ ಎಲ್ಲೆಲ್ಲಿ ತಿರುಗುತ್ತದೆ ಎಂದು ಗಮನಿಸು. ಅವರನ್ನು ಮುಂದಿನ ಸೀಟಿನಲ್ಲೇ ಕೂರಿಸು.

ಪುಣೆಯಲ್ಲಿ ನಾಲ್ಕು ವರ್ಷ ಇದ್ದೆ. ಶನಿವಾರ ಪೇಟೆಯ ವಾಡೆಯಲ್ಲಿ ಬಾಡಿಗೆ ಕೋಣೆ, ಪಿಂಪರಿಯ ಒಂದು ಕಾರ್ಖಾನೆಯಲ್ಲಿ ಲೆಕ್ಕ ಬರೆಯುವ ಕೆಲಸ. ಜನವರಿಯ ಬೆಳಿಗ್ಗೆ ನಲ್ಲಿಯ ನೀರಿಗೆ ಕೈ ಹಾಕಿದರೆ ಬೆರಳು ಮರಗಟ್ಟುತ್ತಿತ್ತು. ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಅಂಗಡಿಗಳೆಲ್ಲ ಬಾಗಿಲು. ಈಗ ವಾಡೆ ಇದ್ದಲ್ಲಿ ಕಟ್ಟಡ ಬಂದಿದೆ. ಅದರ ಮುಂದೆ ಹತ್ತು ನಿಮಿಷ ನಿಂತೆ. ಏನೂ ಅನ್ನಿಸಲಿಲ್ಲ. ಫರ್ಗ್ಯುಸನ್ ಕಾಲೇಜ್ ರಸ್ತೆಯಲ್ಲಿ ದೋಸೆ ತಿಂದು ಹೊರಟೆವು. ನಿನಗೂ ಯಾವುದಾದರೂ ಊರಿನಲ್ಲಿ ಹೀಗಾಗಬಹುದು. ಆಗ ಕಣ್ಣೀರು ಹುಟ್ಟಿಸಲು ಹೋಗದೆ ಅದಕ್ಕೊಂದು ಪ್ಯಾರಾ ಕೊಟ್ಟು ಮುಂದಕ್ಕೆ ಹೋಗು. ನಾನು ಈಗ ಮಾಡಿದ ಹಾಗೆ.

ದಾರಿಯನ್ನು ಮಾತ್ರ ಹಾರಿಸಬೇಡ. ನಿನ್ನ ಪುಟಗಳಲ್ಲಿ ಪುಣೆಯಿಂದ ಗೋವಾ ಒಂದೇ ವಾಕ್ಯದಲ್ಲಿ ಮುಗಿಯುತ್ತದೆ. ಖಂಬಾಟಕಿ ಘಾಟಿ ದಾಟಿ ಸಾತಾರಾ, ಕರಾಡ ಕಡೆಗೆ ಇಳಿದರೆ ಚಳಿಗಾಲವೆಂದರೆ ಕಬ್ಬು. ಎರಡೆರಡು ಟ್ರೈಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು, ಕಬ್ಬಿನ ಹೊರೆಯ ಎತ್ತಿನ ಗಾಡಿಗಳು, ಕಾರ್ಖಾನೆಯ ಗೇಟಿನಿಂದ ರಸ್ತೆಯವರೆಗೆ ಸಾಲು. ಕಟಾವಿನವರಲ್ಲಿ ಬಹಳ ಮಂದಿ ಬೀಡ್ ಜಿಲ್ಲೆಯವರು. ದೀಪಾವಳಿಯ ಹೊತ್ತಿಗೆ ಗಂಡ ಹೆಂಡಿರು ಮಕ್ಕಳ ಸಮೇತ ಬಂದು, ಗದ್ದೆಯ ಪಕ್ಕ ಗುಡಿಸಲು ಹಾಕಿ, ಬೇಸಿಗೆಯ ಹೊತ್ತಿಗೆ ತಿರುಗಿ ಹೋಗುತ್ತಾರೆ. ನಾವು ಹಳೆಯ ಊರು ನೋಡಲು ಹೊರಟಾಗ ಅವರು ಇನ್ಯಾರದೋ ಊರಿನಲ್ಲಿ ಬೆಳಗಿನ ಚಳಿಗೆ ಕಬ್ಬಿನ ರವದಿ ಸುಟ್ಟು ಬೆಂಕಿ ಕಾಯಿಸುತ್ತಾ ಕೂತಿದ್ದರು. ಸಂಕೇಶ್ವರದಿಂದ ಆಜರಾ, ಆಂಬೋಲಿ, ಸಾವಂತವಾಡಿಯ ದಾರಿ ಹಿಡಿದೆವು.

ಗೋವಾದ ವಿಷಯ ಬರೆಯಲು ನನಗೆ ಮನಸ್ಸಿಲ್ಲ. ಹಾಗಾಗಿಯೇ ಬರೆಯುತ್ತೇನೆ.

1988ರಲ್ಲಿ ನಾನು ಅಲ್ಲಿಗೆ ಹೋದಾಗ ಮಾಂಡವಿಯ ಸೇತುವೆ ಕುಸಿದು ಎರಡು ವರ್ಷ, ಪಣಜಿಯಿಂದ ಬೆತಿಗೆ ಫೆರಿಯೇ ಗತಿ. ಈಗ 2019ರಲ್ಲಿ ತೆರೆದ ಕೇಬಲ್ ಸೇತುವೆ ಎಲ್ಲಕ್ಕಿಂತ ಎತ್ತರದಲ್ಲಿ ಹೋಗುತ್ತದೆ, ಹೊಳೆ ದಾಟಿದ್ದೇ ತಿಳಿಯಲಿಲ್ಲ. ಕೆಲಸ ವಾಸ್ಕೋದ ಒಂದು ಗೋದಾಮಿನಲ್ಲಿ ಗುಮಾಸ್ತೆ. ಅಲ್ಲಿ ಬಾಯ್ನಾ ಕಡಲದಂಡೆಯಲ್ಲಿ ಬಾಗಲಕೋಟೆ, ಗದಗ, ವಿಜಾಪುರ ಕಡೆಯಿಂದ ಕೂಲಿಗೆ ಬಂದವರ ಗುಡಿಸಲುಗಳಿದ್ದವು. ಊರವರು ಅವರನ್ನು "ಘಾಂಟಿ", ಅಂದರೆ ಘಟ್ಟದವರು, ಎಂದು ಹೀಯಾಳಿಸುತ್ತಿದ್ದರು. ನನಗೆ ಕೊಂಕಣಿ ಬರುತ್ತಿತ್ತು. ಆಫೀಸಿನಲ್ಲಿ ಆ ಮಾತು ಬಂದಾಗ ನಾನು ಕೊಂಕಣಿಯಲ್ಲೇ ನಕ್ಕು ಸುಮ್ಮನಾಗುತ್ತಿದ್ದೆ.

ಅವರಲ್ಲೊಬ್ಬ ಬಾದಾಮಿ ಕಡೆಯ ಹುಡುಗ, ಗಾರೆ ಕೆಲಸದವನು, ಭಾನುವಾರ ನನ್ನಿಂದ ಕಾಗದ ಬರೆಸಿಕೊಳ್ಳಲು ಬರುತ್ತಿದ್ದ. ಒಂದು ಮಳೆಗಾಲದಲ್ಲಿ ಹೇಳಿದ: "ಭರತಿ ಬಂದ್ರ ಕಡಲಾ ಮನಿಯೊಳಗ ಬರ್ತದ, ಬಾಗ್ಲಾ ಇಲ್ಲ, ಅಕೀನ್ನ ಈಗ ಕಳಿಸಬ್ಯಾಡ್ರಿ ಅಂತ ಬರೀರಿ ಸಾಹೇಬ್ರ." ನಾನು ಆಗಷ್ಟೇ ಎರಡು ಕಥೆ ಅಚ್ಚಾಗಿ ಹಮ್ಮು ಬಂದವನು. ಹಾಗೆ ಬರೆದರೆ ಅವನ ಅವ್ವ ಎದೆ ಒಡೆದುಕೊಂಡಾಳು ಎಂದು, "ಮನೆ ಕಡಲ ಪಕ್ಕದಲ್ಲೇ ಇದೆ, ಗಾಳಿ ಚೆನ್ನಾಗಿದೆ, ಅವಳನ್ನು ಸದ್ಯಕ್ಕೆ ಕಳಿಸುವ ಅವಸರವಿಲ್ಲ" ಎಂದು ಬರೆದೆ. ವಾಕ್ಯ ನನಗೆ ಬಹಳ ಹಿಡಿಸಿತ್ತು.

ಒಂದು ತಿಂಗಳಲ್ಲಿ ಅವನ ಹೆಂಡತಿ ಎಳೆಕೂಸಿನೊಂದಿಗೆ, ರೊಟ್ಟಿಯ ಗಂಟು ಹೊತ್ತು ಮೀಟರ್ ಗೇಜ್ ರೈಲಿನಲ್ಲಿ ಬಂದು ವಾಸ್ಕೋದಲ್ಲಿ ಇಳಿದಳು. ಮಳೆ ಇನ್ನೂ ನಿಂತಿರಲಿಲ್ಲ. ಗಾಳಿ ಚಲೋ ಐತಿ ಅಂದ ಮ್ಯಾಲೆ ಕೂಸಿಗೂ ಚಲೋ ಆಗ್ತದ ಎಂದು ಅತ್ತೆಯೇ ಕಳಿಸಿದ್ದಂತೆ. ಅವನು ನನ್ನ ಹತ್ತಿರ ಬಂದು, "ಏನ್ ಬರದಿದ್ರಿ ಸಾಹೇಬ್ರ?" ಎಂದು ಕೇಳಿದ. ನೀನು ಹೇಳಿದ್ದೇ ಎಂದೆ. ಅವನಿಗೆ ಓದಲು ಬರುತ್ತಿರಲಿಲ್ಲ. ಮತ್ತೆ ಕಾಗದ ಬರೆಸಲು ಬರಲಿಲ್ಲ.

ಬಾಯ್ನಾದ ಗುಡಿಸಲುಗಳನ್ನು 2004ರಲ್ಲಿ ನೆಲಸಮ ಮಾಡಿದರು. ನಾನಾಗಲೇ ಡೊಂಬಿವಲಿಗೆ ಬಂದಿದ್ದೆ, ಪೇಪರಿನಲ್ಲಿ ಓದಿ ಮಡಚಿಟ್ಟೆ. ಇವರ ಬಗ್ಗೆ ಇವತ್ತಿನವರೆಗೆ ಒಂದು ಸಾಲು ಬರೆದಿಲ್ಲ. ಜನವರಿಯಲ್ಲಿ ಆ ದಂಡೆಯ ಮೇಲೆ ನಿಂತಾಗ ಅವನ ಗುಡಿಸಲು ಎಲ್ಲಿತ್ತೆಂದು ಗುರುತು ಸಿಗಲಿಲ್ಲ.

ಸಂಜೆ ವಾಸ್ಕೋ ಮಾರ್ಕೆಟಿನಲ್ಲಿ ಒಬ್ಬಳು ಮೆಂತ್ಯೆ ಸೊಪ್ಪು ಮಾರುತ್ತಿದ್ದಳು, ಪಕ್ಕದವಳೊಂದಿಗೆ ಬಾದಾಮಿ ಕಡೆಯ ಮಾತು. ಬನಶಂಕರಿ ಜಾತ್ರಿಗೆ ಹೋಗಿ ನಿನ್ನೆ ಬಂದ್ವಿ ಎನ್ನುತ್ತಿದ್ದಳು. ವಯಸ್ಸು ಮೂವತ್ತೈದು ಇದ್ದೀತು. ನನ್ನ ತಲೆಯೊಳಗೆ ಕಥೆ ಓಡಲು ಶುರುವಾಯಿತು: ಇವಳೇ ಆ ಕೂಸು. ಲೆಕ್ಕವೂ ಸರಿಯಾಗುತ್ತಿತ್ತು. ಕೇಳದೆ ಹೋಗಿದ್ದರೆ ಇಷ್ಟು ಹೊತ್ತಿಗೆ ಅದನ್ನು ಬರೆದು ಯಾವುದೋ ವಿಶೇಷಾಂಕಕ್ಕೆ ಕಳಿಸಿಯೂ ಆಗಿರುತ್ತಿತ್ತು. ಆದರೆ ನಾಲ್ಕು ದಿನದ ಹಿಂದೆಯಷ್ಟೇ ಪರೇಲಿನ ಗೋಡೆ ನೋಡಿ ಬಂದಿದ್ದೆ. ಕೇಳಿದೆ. ತವರು ರೋಣ, ಹುಟ್ಟಿದ್ದೂ ಬೆಳೆದದ್ದೂ ಅಲ್ಲೇ, ಮದುವೆಯಾಗಿ ಬಂದದ್ದು ವಾಸ್ಕೋಗೆ. "ಯಾಕ್ರಿ ಅಜ್ಜಾರ?" ಎಂದಳು. ಏನಿಲ್ಲವೆಂದು ಎರಡು ಕಟ್ಟು ಮೆಂತ್ಯೆ ಕೊಂಡೆ. ಲಾಡ್ಜಿನಲ್ಲಿ ಅದನ್ನು ಏನು ಮಾಡುವುದೆಂದು ಅಳಿಯ ಕೇಳಿದ.

ಸರಿ, ನಿನ್ನ ನಾಲ್ಕು ಪುಟ ತಿರುಗಿ ಕಳಿಸಿದ್ದೇನೆ, ತಿದ್ದಿಲ್ಲ. ಹೋಗಿ ಬಂದ ಮೇಲೆ ಅದನ್ನು ಪಕ್ಕದಲ್ಲಿಟ್ಟುಕೊಂಡು ಹೊಸದಾಗಿ ಬರೆ. ಕತ್ತಲಾದ ಮೇಲೆ ಕರಾಡ ಕೊಲ್ಹಾಪುರದ ನಡುವೆ ಗಾಡಿ ಓಡಿಸಬೇಡ, ಕಬ್ಬಿನ ಟ್ರ್ಯಾಕ್ಟರುಗಳಿಗೆ ಹಿಂದಿನ ದೀಪ ಇರುವುದು ಅಪರೂಪ. ಆಂಬೋಲಿಯಲ್ಲಿ ಅಪ್ಪನಿಗೆ ಮಫ್ಲರ್ ಬೇಕಾದೀತು. ಲೋಣಾವಳದ ಚಿಕ್ಕಿ ನನಗೆ ತರಬೇಡ, ಹಲ್ಲು ತಡೆಯುವುದಿಲ್ಲ. ಮಾಪುಸಾದಲ್ಲಿ ಗೋವಾದ ಬ್ರೆಡ್ಡು ಪೊಯ್ ಸಿಕ್ಕಿದರೆ ನಾಲ್ಕು ತಾ.

ನಿನ್ನ,
ಮಾವ